ಪಂಚಾಯತಿ ಗೋಡೆಯ ಮೇಲಿನ ಹೆಸರು

ಗಾಡಿ ಮಿರಜ ದಾಟಿ ಬೆಳಗಾವಿಯತ್ತ ತಿರುಗಿತೆಂದರೆ ನನ್ನ ಮೈಮೇಲಿನ ಮುಂಬಯಿ ತಾನಾಗಿ ಇಳಿದುಹೋಗುತ್ತದೆ. ಈ ಸಲ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ ಚರಗ ಚೆಲ್ಲಲೇಬೇಕೆಂದು ಹಟ ಹಿಡಿದವಳು ನನ್ನ ಹೆಂಡತಿ. ಮಗನನ್ನೂ ಎಳೆದುಕೊಂಡು ಧಾರವಾಡದಲ್ಲಿ ಇಳಿದು ಬಸ್ಸಿನಲ್ಲಿ ಊರು ಮುಟ್ಟಿದೆವು.

ನಮಗಿರುವುದು 5 ಎಕರೆ ಎರೆಭೂಮಿ. ಅಪ್ಪನ ಕಾಲಾನಂತರ ಅದನ್ನು ಪಾಲಿಗೆ ಮಾಡುತ್ತಿರುವವರು ನೆರೆಮನೆಯ ಕಾಕಾ. ರಕ್ತಸಂಬಂಧವಿಲ್ಲ, ಆದರೂ ಹುಟ್ಟಿದಂದಿನಿಂದ ಅವರು ನಮಗೆ ಕಾಕಾನೇ. ಹೊಲದಲ್ಲಿ ಆಳೆತ್ತರದ ಬಿಳಿಜೋಳ, ಒಂದು ಮಗ್ಗುಲಿಗೆ ಕಡಲೆ, ಅಕ್ಕಡಿ ಸಾಲಿನಲ್ಲಿ ಕುಸುಬಿ. ಎರಡು ವರ್ಷದಿಂದ ಯೂರಿಯಾ ಮುಟ್ಟಿಲ್ಲವಂತೆ. ಬನ್ನಿಗಿಡದ ನೆರಳಿಗೆ 200 ಲೀಟರಿನ ಪೀಪಾಯಿ. ಅದರಲ್ಲಿ ಸೆಗಣಿ, ಗಂಜಳ, ಬೆಲ್ಲ, ಕಡಲೆಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ದಿನವೂ ಕೋಲಿನಿಂದ ತಿರುವಬೇಕು. ಮೊದಲ ವರ್ಷ ಬೆಳೆ ಇಳಿದು, ಬೆಲ್ಲ ಕೊಳ್ಳಲಿಕ್ಕೂ ಕಾಕಾ ಸಾಲ ಮಾಡಿದ್ದರಂತೆ.

"ಸರಕಾರದ್ದೇನೂ ಬರಲಿಲ್ಲೇನ್ರಿ ಕಾಕಾ?" ಎಂದೆ.

"ರೊಟ್ಟಿ ಉಣ್ಣು ತಮ್ಮಾ, ಪಲ್ಯ ಆರತೈತಿ" ಎಂದರು.

ಉತ್ತರ ಸಿಕ್ಕಿದ್ದು ಸಂಜೆ, ಪಂಚಾಯತಿಯ ಗೋಡೆಯ ಮೇಲೆ. ಸಾವಯವ ಕೃಷಿಯ ಫಲಾನುಭವಿಗಳ ಪಟ್ಟಿ: ಹೆಸರು, ಸರ್ವೆ ನಂಬರು, ರೂಪಾಯಿ. 7ನೆಯ ಹೆಸರು ನನ್ನದು!

ಓದುಗರು ನಗಬಾರದು. ಹಿಂದೊಮ್ಮೆ ಊರಿನಿಂದ ಯಾವುದೋ ಅರ್ಜಿ ಬಂದಿತ್ತು. ಓದದೆ ಸಹಿ ಮಾಡಿ, ಊರಿನ ಬ್ಯಾಂಕಿನ ಪಾಸ್‌ಬುಕ್ಕಿನ ನಕಲು ಸೇರಿಸಿ ಕಳಿಸಿದ್ದೆ. ಆ ಖಾತೆಯತ್ತ ಮತ್ತೆ ಕಣ್ಣೆತ್ತಿ ನೋಡಿದವನಲ್ಲ.

ಪರಂಪರಾಗತ ಕೃಷಿ ವಿಕಾಸ ಯೋಜನೆ 2015ರಲ್ಲಿ ಮೊದಲಾದದ್ದು. ರೈತರು ಗುಂಪು ಕಟ್ಟಿ, ಒಬ್ಬರ ಹೊಲವನ್ನೊಬ್ಬರು ಪರೀಕ್ಷಿಸಿ, 3 ವರ್ಷದಲ್ಲಿ ಸಾವಯವಕ್ಕೆ ಹೊರಳಬೇಕು. 2022-23ರ ಪರಿಷ್ಕರಣೆಯಂತೆ ಹೆಕ್ಟೇರಿಗೆ 31,500 ರೂಪಾಯಿ. ಅದರಲ್ಲಿ 15,000 ನೇರವಾಗಿ ರೈತನ ಖಾತೆಗೆ. ಆದರೆ ರೈತನಾರು? ನಮ್ಮೂರ ಪಟ್ಟಿಗೆ ಪಹಣಿಯೇ ಪ್ರಮಾಣ. 1974ರ ಭೂಸುಧಾರಣೆಯ ತಿದ್ದುಪಡಿಯ ತರುವಾಯ ಕರ್ನಾಟಕದಲ್ಲಿ ಹೊಲವನ್ನು ಗೇಣಿಗೆ ಕೊಡುವುದು, ಕೆಲವು ವಿನಾಯಿತಿಗಳ ಹೊರತು, ನಿಷಿದ್ಧ. ಹೀಗಾಗಿ ನಮ್ಮಂಥವರ ಹೊಲ ಉಳುವವರ ಹೆಸರು ಕಾಗದಕ್ಕೆ ಏರುವುದೇ ಇಲ್ಲ. ಉಳುವವನೇ ಒಡೆಯನಾಗಲೆಂದು ಬಂದ ಕಾನೂನು, ನೋಡಿ!

ಸಹಾಯಧನ ಪಡೆದವರ ವಿವರವನ್ನು ಯಾರೂ ಕೇಳದಿದ್ದರೂ ಕಚೇರಿಗಳು ತಾವಾಗಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು ಹೇಳುತ್ತದೆ. ಪಟ್ಟಿ ಕಪಾಟಿನಲ್ಲೇ ಇದ್ದಿದ್ದರೆ ನಾನು ಶೇಂಗಾ ಹೋಳಿಗೆ ತಿಂದು ನಿಶ್ಚಿಂತೆಯಿಂದ ಮುಂಬಯಿ ಗಾಡಿ ಹತ್ತುತ್ತಿದ್ದೆ. ಗೋಡೆಯನ್ನು ಊರೆಲ್ಲ ಓದಿತ್ತು. ಕಾಕಾ ಕೂಡ ಓದಿದ್ದರು. ಓದಿಯೂ ಆ ಬೆಳಿಗ್ಗೆ ಹೊಲದಲ್ಲಿ ನನ್ನ ಕೈಗೆ ರೊಟ್ಟಿ ಇಟ್ಟಿದ್ದರು.

ಮರುದಿನ ಬ್ಯಾಂಕಿಗೆ ಹೋಗಿ ಜಮೆಯಾಗಿದ್ದ ಎರಡು ಕಂತನ್ನೂ ತೆಗೆದು ತಂದೆ. ಕಾಕಾ ಎಣಿಸಲಿಲ್ಲ, ಹಾಗೆಯೇ ಕಾಕುವಿನ ಕೈಗೆ ಕೊಟ್ಟರು.

"ಮುಂದಿನ ಕಂತೂ ನಿಮಗ ಮುಟ್ಟಸ್ತೀನ್ರಿ" ಎಂದೆ.

"ನೀ ಮುಟ್ಟಸ್ತಿ ತಮ್ಮಾ. ನಿನ್ನ ಹಿಂದ ನಿನ್ನ ಮಗಾ?"

ಮಗ ಆಗಲೇ ಚೀಲ ಹೆಗಲಿಗೇರಿಸಿ, ಬಸ್ಸು ಬಂತೇ ಎಂದು ರಸ್ತೆಯತ್ತ ನೋಡುತ್ತಿದ್ದ.