ಕುಲುಮೆ ಆರಿದ ಮೇಲೂ

ಸ್ಪೇನಿನ ಸೆವಿಲ್ಯದ ಹಳೇ ಊರಿನಿಂದ ಗ್ವಾದಲ್‌ಕಿವಿರ್ ನದಿಯ ಕಬ್ಬಿಣದ ಸೇತುವೆ ದಾಟಿ ತ್ರಿಯಾನಕ್ಕೆ ಕಾಲಿಟ್ಟಾಗ ಹೊತ್ತು ಮುಳುಗುತ್ತಿತ್ತು. ಫ್ಲಮೆಂಕೊ ಎಂದರೆ ಗಿಟಾರು, ನೆರಿಗೆಲಂಗ ಎಂದುಕೊಂಡಿದ್ದ ನಾನು ಇಷ್ಟು ದೂರ ಬಂದದ್ದು ಗಿಟಾರೇ ಇಲ್ಲದ ಒಂದು ಹಾಡಿಗಾಗಿ: ಮಾರ್ತಿನೇತೆ. ಕಬ್ಬಿಣ ಬಡಿಯುವ ದೊಡ್ಡ ಸುತ್ತಿಗೆಯ ಹೆಸರೇ ಈ ಹಾಡಿನ ಹೆಸರೂ ಹೌದು.

ತ್ರಿಯಾನದ ಪಾಹೆಸ್ ದೆಲ್ ಕೋರೊ ಬೀದಿಗೆ ಹಿಂದೆ ಕಾವಾ ಎನ್ನುತ್ತಿದ್ದರು. ಸ್ಪೇನಿನ ರೋಮಾ ಜನರಾದ ಹಿತಾನೊ ಕಮ್ಮಾರರ ಕುಲುಮೆಗಳು ಉರಿಯುತ್ತಿದ್ದ ಕೇರಿ ಅದು. ಕಳೆದ ಶತಮಾನದ ನಡುವಿನಲ್ಲಿ ಅವರ ಮನೆಗಳನ್ನು ಬಿಡಿಸಿ ಊರಾಚೆಯ ವಸತಿಗಳಿಗೆ ಕಳಿಸಿದರು. ಈಗ ಅಲ್ಲಿ ಬಾಲ್ಕನಿಗಳ ತುಂಬ ಹೂಕುಂಡ. ಈ ಹಿತಾನೊಗಳ ಪೂರ್ವಿಕರು ವಾಯವ್ಯ ಭಾರತದಿಂದ ಹೊರಟವರು. ಅವರ ಕಾಲೋ ನುಡಿಯಲ್ಲಿ ನೀರಿಗೆ ಪಾಞಿ ಎನ್ನುತ್ತಾರೆ ಎಂದು ತಿಳಿದಾಗ ಮೈ ಜುಮ್ಮೆಂದಿತು. ನಮ್ಮ ಬಡಗಣದವರ ಪಾನಿಯೇ ಅಲ್ಲವೆ ಅದು!

1749ರ ಜುಲೈನಲ್ಲಿ ದೊರೆ ಆರನೆಯ ಫರ್ನಾಂದೊನ ಆಜ್ಞೆಯಂತೆ ಸ್ಪೇನಿನ ಉದ್ದಗಲಕ್ಕೂ ಹಿತಾನೊಗಳನ್ನು ಹಿಡಿದರು. ಗಂಡಸರನ್ನೂ ಏಳು ದಾಟಿದ ಹುಡುಗರನ್ನೂ ನೌಕಾನೆಲೆಗಳ ಜೀತಕ್ಕೆ ಅಟ್ಟಿದರು; ಹೆಂಗಸರೂ ಎಳೆಯ ಮಕ್ಕಳೂ ಬೇರೆಡೆ ಬಂದಿಗಳಾದರು. ಕೊನೆಯವರಿಗೆ ಬಿಡುಗಡೆಯಾದದ್ದು 1765ರಲ್ಲಿ. ಸೆರೆಮನೆ, ಸಂಕೋಲೆ, ಅಗಲಿದ ತಾಯಿ ಮಾರ್ತಿನೇತೆಯಲ್ಲಿ ಮತ್ತೆ ಮತ್ತೆ ಏಕೆ ಬರುತ್ತವೆಂದು ಇದನ್ನು ತಿಳಿದ ಮೇಲೆ ನಾನು ಯಾರನ್ನೂ ಕೇಳಲಿಲ್ಲ.

ರಾತ್ರಿ ಒಂದು ಸಣ್ಣ ಕೋಣೆಯಲ್ಲಿ ಮೂವತ್ತು ಜನ ಕುಳಿತಿದ್ದೆವು. ಮೂಲೆಯಲ್ಲಿ ಅಡೆಗಲ್ಲು, ಪಕ್ಕದಲ್ಲಿ ಸುತ್ತಿಗೆ ಹಿಡಿದ ಹುಡುಗ. ಎರಡು ಗಿಡ್ಡ, ಎರಡು ಉದ್ದ, ಮತ್ತೊಂದು ಗಿಡ್ಡ: ಐದು ಪೆಟ್ಟಿನಲ್ಲಿ ಹನ್ನೆರಡು ಮಾತ್ರೆ. ಇದು ಸಿಗಿರಿಯಾ ಎಂಬ ಇನ್ನೊಂದು ಶೋಕಗೀತೆಯ ಲೆಕ್ಕ. ಮೂಲದಲ್ಲಿ ಮಾರ್ತಿನೇತೆಗೆ ಇಂಥ ತಾಳದ ಕಟ್ಟಿಲ್ಲ. 1952ರ ಚಲನಚಿತ್ರವೊಂದರಲ್ಲಿ ನರ್ತಕ ಆಂತೋನಿಯೊ ರೋಂದಾದ ಕಣಿವೆಯ ಅಂಚಿನಲ್ಲಿ ಮಾರ್ತಿನೇತೆಗೆ ಹೆಜ್ಜೆ ಹಾಕಿದಾಗಲೂ ಇದೇ ಲೆಕ್ಕ ಹಿಡಿದಿದ್ದ.

ಮುದುಕ ಗಾಯಕ ಕಣ್ಣು ಮುಚ್ಚಿ 'ಆಯ್' ಎಂದ. ಆ ಒಂದು ಉಸಿರು ಮುರಿಯಿತು, ಒರಟಾಯಿತು, ಮತ್ತೆ ಮೇಲೇರಿತು. ನಮ್ಮ ಸಾವಿನ ಮನೆಗಳ 'ಅಯ್ಯೋ' ನೆನಪಾಗಿ ಗಂಟಲು ಕಟ್ಟಿತು. ಅವನ ದನಿ ತಾಳಕ್ಕೆ ಕಾಯಲಿಲ್ಲ. ಸುತ್ತಿಗೆಯೇ ಅವನಿಗಾಗಿ ಕಾಯುತ್ತಿತ್ತು. ಪದಗಳು ಅರ್ಧಕ್ಕರ್ಧ ತಿಳಿಯಲಿಲ್ಲ, ಸಂಕಟ ಪೂರ್ತಿ ತಿಳಿಯಿತು.

ಹಾಡು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗ ಕೊನೆಯ ಪೆಟ್ಟು ಹಾಕಿ ಸುತ್ತಿಗೆ ಕೆಳಗಿಟ್ಟ. ಕಬ್ಬಿಣದ ಗುಂಯ್ ಎಂಬ ಸದ್ದು ತೀರಾ ಅಡಗುವವರೆಗೂ ಮುದುಕ ಕಣ್ಣು ತೆರೆಯಲಿಲ್ಲ.