ಎರಡನ್ನೂ ಎಣಿಸ್ತಾರಮ್ಮ

ಕೋರ್ಸು: ಆರ್ಗ್ಯಾನಿಕ್ ಕೆಮಿಸ್ಟ್ರಿ. ಕ್ರೆಡಿಟ್: ನಾಲ್ಕು. ಗ್ರೇಡ್: ಸಿ.

ಅಷ್ಟು ಟೈಪು ಮಾಡಿ ಅವಳು ಕುರ್ಚಿಗೆ ಒರಗುತ್ತಾಳೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಅಂಕಪಟ್ಟಿಗಳು, ಅವು ಹಾರದಂತೆ ಮೇಲೊಂದು ಉಪ್ಪಿನಕಾಯಿ ಬಾಟಲಿ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮೇ ತಿಂಗಳ ರಾತ್ರಿ, ಕಿಟಕಿ ತೆರೆದೇ ಇದೆ. ಅಮೆರಿಕದ ಬಹುಪಾಲು ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್‌ಕ್ಯಾಸ್ ಎಂಬ ಈ ಒಂದೇ ಅರ್ಜಿಯ ಮೂಲಕ. ಕಾಲೇಜಿನಲ್ಲಿ ಓದಿದ ಒಂದೊಂದು ಕೋರ್ಸನ್ನೂ ಅಂಕಪಟ್ಟಿಯಲ್ಲಿರುವ ಹಾಗೆಯೇ ತುಂಬಬೇಕು.

ಇನ್ನಷ್ಟು ಕೆಳಗೆ ಮತ್ತೆ ಅದೇ ಕೋರ್ಸು. ಇದು ಡಿಗ್ರಿ ಮುಗಿದ ಮೇಲಿನದು: ಹಗಲೆಲ್ಲ ಎಮರ್ಜೆನ್ಸಿ ವಾರ್ಡಿನಲ್ಲಿ ಡಾಕ್ಟರ ಹಿಂದೆ ಓಡಾಡುತ್ತ ಅವರು ಹೇಳಿದ್ದನ್ನು ಟೈಪು ಮಾಡುವ ಸ್ಕ್ರೈಬ್ ಕೆಲಸ, ಸಂಜೆ ಕ್ಲಾಸು. ಗ್ರೇಡ್: ಎ.

ಅಮ್ಮ ಮಜ್ಜಿಗೆ ತಂದಿಟ್ಟು ಪರದೆಯತ್ತ ಬಗ್ಗುತ್ತಾಳೆ.

"ಎ ಬಂದಿದೆಯಲ್ಲೇ, ಆ ಸಿ ಯಾಕೆ ಹಾಕ್ತಿ?"

"ಎರಡನ್ನೂ ಎಣಿಸ್ತಾರಮ್ಮ."

"ದಾವಣಗೆರೇಲಿ ನಿನ್ನ ಚಿಕ್ಕಮ್ಮನ ಮಗ ಎರಡು ಸಲ ನೀಟ್ ಬರೆದ. ಮೊದಲನೇ ಸಲ ಎಷ್ಟು ಬಂತು ಅಂತ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಲಿಲ್ಲ. ನೀಟ್‌ನ ಕ್ರೌರ್ಯ ಏನೇ ಇರಲಿ, ಹಳೆಯದನ್ನು ಮರೆಯುವ ಗುಣ ಅದಕ್ಕಿದೆ. ಮಗಳು ಕಾಗದದ ಹಿಂಬದಿಯಲ್ಲಿ ಲೆಕ್ಕ ಬಿಡಿಸಿ ತೋರಿಸುತ್ತಾಳೆ. ಡಿಗ್ರಿಯ 120 ಕ್ರೆಡಿಟ್, ಸರಾಸರಿ 3.0. ಆಮೇಲಿನ 30 ಕ್ರೆಡಿಟ್, ಎಲ್ಲದರಲ್ಲೂ ಎ, ಅಂದರೆ 4.0. ಕೂಡಿಸಿ ಭಾಗಿಸಿದರೆ 3.2. ಅಷ್ಟೆಲ್ಲ ನಿದ್ದೆಗೆಟ್ಟದ್ದಕ್ಕೆ ಏರಿದ್ದು ಪಾಯಿಂಟ್ ಎರಡು! ಎಂ.ಡಿ. ಸೀಟು ಸಿಕ್ಕವರ ಸರಾಸರಿ 3.8ರ ಹತ್ತಿರ.

"ಮತ್ತೆ ಯಾಕೆ ಓದಿದೆ?"

"ವರ್ಷದ ಲೆಕ್ಕಾನೂ ಬೇರೆ ಬೇರೆ ತೋರಿಸ್ತಾರೆ. ಡಿಗ್ರಿ ಆದಮೇಲಿನ ಸಾಲಲ್ಲಿ ನಾಲ್ಕಕ್ಕೆ ನಾಲ್ಕೇ ಇರತ್ತೆ, ನೋಡು. ಎಂಕ್ಯಾಟ್ ಪ್ರವೇಶ ಪರೀಕ್ಷೇಲಿ 528ಕ್ಕೆ 515 ಇದೆ. ಯಾರಾದ್ರೂ ಕೂತು ಓದಿದ್ರೆ ಗೊತ್ತಾಗತ್ತೆ. ಕೆಲವು ಕಡೆ ಓದೋಕೆ ಮುಂಚೇನೇ ನಂಬರ್ ನೋಡಿ ಬದಿಗಿಡ್ತಾರೆ, ಅದೇ ಕಷ್ಟ."

ಅರ್ಜಿಯ ಜೊತೆಗಿನ ಪ್ರಬಂಧಕ್ಕೆ 5,300 ಅಕ್ಷರಗಳ ಮಿತಿ. ಆ ಸಿ ಬಂದ ಸೆಮಿಸ್ಟರಿನಲ್ಲಿ ಅಜ್ಜ ತೀರಿಕೊಂಡದ್ದರ ಬಗ್ಗೆ ನಾಲ್ಕು ಸಾಲು ಬರೆದಿದ್ದಳು. ಓದುತ್ತಾಳೆ, ಅಳಿಸುತ್ತಾಳೆ. ಆ ಜಾಗಕ್ಕೆ ವಾರ್ಡಿನಲ್ಲಿ ಕಂಡ ಒಬ್ಬ ಮುದುಕಿ ಬರುತ್ತಾಳೆ. ನನ್ನನ್ನು ಕೇಳಿದರೆ ಒಳ್ಳೆಯದೇ ಆಯಿತು. ಅಜ್ಜನನ್ನು ಒಂದು ಗ್ರೇಡಿಗೆ ಸಾಕ್ಷಿ ನಿಲ್ಲಿಸುವುದು ಅವಳಿಗೂ ಹಿತವಾಗಿರಲಿಲ್ಲ.

"ಇದೇನು ಡಿ.ಓ.? ಮೂಳೆ ನೀವೋರಾ?" ಅಮ್ಮನ ಕಣ್ಣು ಕಾಲೇಜುಗಳ ಪಟ್ಟಿಯ ಮೇಲಿದೆ.

ಕನ್ನಡ ಕೂಟದ ಊಟದ ಸಾಲಿನಲ್ಲೂ ಹೀಗೇ ಕೇಳುವವರಿದ್ದಾರೆ. ಡಿ.ಓ. ಕೊಡುವ ಆಸ್ಟಿಯೋಪಥಿಕ್ ಕಾಲೇಜಿನಲ್ಲಿ ಓದಿದವರಿಗೆ ಐವತ್ತು ರಾಜ್ಯಗಳಲ್ಲೂ ಎಂ.ಡಿ.ಯವರಷ್ಟೇ ಪೂರ್ಣ ಲೈಸೆನ್ಸು, ಆಪರೇಷನ್ನೂ ಮಾಡುತ್ತಾರೆ. ಅವರ ಅರ್ಜಿಯಲ್ಲಿ 2017ರವರೆಗೆ ಮತ್ತೆ ಓದಿದ ಕೋರ್ಸಿನ ಹೊಸ ಗ್ರೇಡನ್ನಷ್ಟೇ ಎಣಿಸುತ್ತಿದ್ದರು. ಈಗ ಅಲ್ಲೂ ಎರಡೂ ಲೆಕ್ಕಕ್ಕೆ. ಆದರೂ ಅಲ್ಲಿ ಸೇರುವವರ ಸರಾಸರಿ ಸ್ವಲ್ಪ ಕೆಳಗಿದೆ.

"ಒಂದೊಂದಕ್ಕೂ ಬೇರೆ ಫೀಸಾ?"

"ಹೂಂ."

ಅಮ್ಮ ಕುರ್ಚಿ ಎಳೆದುಕೊಂಡು ಕೂರುತ್ತಾಳೆ, ಕನ್ನಡಕ ಏರಿಸುತ್ತಾಳೆ. "ಹಾಗಾದ್ರೆ ಓದದೇ ಬದಿಗಿಡೋ ಕಾಲೇಜುಗಳನ್ನ ಮೊದಲು ಹೊಡೆದುಹಾಕು. ಹೆಸರು ಹೇಳ್ತಾ ಹೋಗು."