ಬೆಲ್ಲ, ಅಚ್ಚು ಮತ್ತು ಕಲ್ಲಿನ ರಥ

ಫೋಟೋ ತೆಗೆಯೋ ಚಟ ಇರುವ ಬ್ಲಾಗಿಗರಿಗೆಲ್ಲ ಒಂದು ಪ್ರಶ್ನೆ. ಕ್ಯಾಮೆರಾದ ರಾ ಫೈಲನ್ನು ಸೀದಾ ವರ್ಡ್ ಟೆಂಪ್ಲೇಟ್ ಮಾಡೋಕೆ ಬರುತ್ತಾ? ನಗಬೇಡಿ, ಇದನ್ನ ಕೇಳಿದ್ದು ಕಂಪ್ಲಿಯಲ್ಲಿರೋ ನಮ್ಮಕ್ಕನ ಮಗ.

ಅವನಿಗೆ ಹಳೇ ಕಲ್ಲುಗಳ ಹುಚ್ಚು. ರಜೆ ಸಿಕ್ಕರೆ ಸಾಕು, ಕಂಪ್ಲಿ ಕೋಟೆ, ಹೊಸಪೇಟೆ ಪಕ್ಕದ ಅನಂತಶಯನಗುಡಿ, ಹಂಪಿ, ಸಂಡೂರಿನ ಕುಮಾರಸ್ವಾಮಿ ಗುಡಿ ಅಂತ ಬೈಕ್ ಹತ್ತಿಬಿಡ್ತಾನೆ. ಒಂದು ಗುಡಿಗೆ ಒಂದು ಪುಟ ಮಾಡಿ, ಫೋಟೋ, ಊರು, ತಾರೀಕು, ನಾಲ್ಕು ಸಾಲು ವಿವರ ಹಾಕಿ ಸುತ್ತಲಿನ ಶಾಲೆಗಳಿಗೆ ಹಂಚಬೇಕು ಅಂತ ಅವನಾಸೆ. "ಮಾಮ, ಎಲ್ಲಾ ಫೋಟೋನೂ ಟೆಂಪ್ಲೇಟ್ ಮಾಡಿಕೊಡ್ರಿ. ಆಮೇಲೆ ರಾ ಎಲ್ಲಾ ಅಳಿಸಿಬಿಡ್ತೀನಿ, ಹಾರ್ಡ್ ಡಿಸ್ಕ್ ತುಂಬೈತಿ" ಅಂದ. ಮೊದಲ ಮಾತಿಗೆ ನಗು ಬಂತು. ಎರಡನೇ ಮಾತಿಗೆ ಗಾಬರಿ ಆಯ್ತು!

ರಾ ಅಂದರೆ ಇನ್ನೂ ಫೋಟೋನೇ ಅಲ್ಲ. ಸೆನ್ಸರ್ ಮೇಲೆ ಎಲ್ಲೆಲ್ಲಿ ಎಷ್ಟು ಬೆಳಕು ಬಿತ್ತು ಅನ್ನೋ ಲೆಕ್ಕ ಅಷ್ಟೇ. 14 ಬಿಟ್ ರಾದಲ್ಲಿ ಬೆಳಕಿಗೆ 16,384 ಮೆಟ್ಟಿಲು, ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಬರೀ 256. ಸಂಡೂರಿನ ಆ ಕೆಂಪು ಮಣ್ಣು ಜೆಪೆಗ್‌ನಲ್ಲಿ ಒಮ್ಮೆ ಕಿತ್ತಳೆಗೆ ತಿರುಗಿದರೆ ಮುಗೀತು, ಸರಿ ಮಾಡೋದು ಕಷ್ಟ. ರಾ ಇದ್ದರೆ ಹತ್ತು ವರ್ಷ ಬಿಟ್ಟು ಕೂತರೂ ಸರಿ ಮಾಡಬಹುದು.

ನಿಕಾನ್‌ನ ಎನ್‌ಇಎಫ್, ಕ್ಯಾನನ್‌ನ ಸಿಆರ್‌2 ಇವನ್ನ ವರ್ಡ್ ಸುಮ್ಮನೆ ಒಳಗೆ ಬಿಟ್ಕೊಳ್ಳೋದಿಲ್ಲ. ಮೊದಲು ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಲ್ಲಿ (ಎರಡೂ ಪುಕ್ಕಟೆ) ಜೆಪೆಗ್ ಮಾಡಬೇಕು. ನಂಬಿಕೆ ಬರದಿದ್ದರೆ ಫೋಟೋ ಹಾಕಿದ ಡಿಒಟಿಎಕ್ಸ್ ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೆಗೆ ಝಿಪ್ ಅಂತ ಬದಲಾಯಿಸಿ ತೆರೆದು ನೋಡಿ. ಒಳಗೆ 'ವರ್ಡ್' ಫೋಲ್ಡರು, ಅದರೊಳಗೆ 'ಮೀಡಿಯಾ', ಅಲ್ಲಿ ನಿಮ್ಮ ಜೆಪೆಗ್. ರಾ ಎಲ್ಲೂ ಇಲ್ಲ. ಅದೂ ಸಾಲದು ಅಂತ ಸೇವ್ ಮಾಡುವಾಗ ವರ್ಡ್ ತಾನೇ ಚಿತ್ರವನ್ನ ಕುಗ್ಗಿಸುತ್ತೆ. ಆಪ್ಷನ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಅದನ್ನ ನಿಲ್ಲಿಸಬಹುದು.

ಅವನಿಗೆ ನಾನು ಹೇಳಿದ್ದು ಇಷ್ಟು. ಟೆಂಪ್ಲೇಟ್ ಅಂದ್ರೆ ಆಲೆಮನೆಯ ಅಚ್ಚು. ಬೆಲ್ಲ ಅದರಲ್ಲೇ ಉಳಿದರೆ ಮುಂದಿನ ಪಾಕ ಎಲ್ಲಿಗೆ ಹೊಯ್ತೀಯ? ಅಚ್ಚು ಖಾಲಿ ಇರಬೇಕು. ಡೆವಲಪರ್ ಟ್ಯಾಬ್‌ನಲ್ಲಿ ಪಿಕ್ಚರ್ ಕಂಟೆಂಟ್ ಕಂಟ್ರೋಲ್ ಅಂತಿದೆ. ಫೋಟೋ ಜಾಗಕ್ಕೆ ಅದನ್ನ ಇಟ್ಟು, ಪ್ರತಿ ಗುಡಿಗೂ ಹೊಸ ಪುಟ ತೆರೆದು ಅಲ್ಲಿ ಜೆಪೆಗ್ ಹಾಕು.

ಅಳಿಸಬೇಡ ಅಂದಿದ್ದಕ್ಕೆ ಕಾರಣ ಬೇರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ ಹಂಪಿಯಲ್ಲಿ ಮೇಣದ ಕಾಗದದ ನೆಗೆಟಿವ್‌ಗಳ ಮೇಲೆ ಫೋಟೋ ತೆಗೆದ. ಆ ಕಾಲದ ರಾ ಅವು! ಅವು ಉಳಿದಿದ್ದರಿಂದಲೇ 1983ರಲ್ಲಿ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದು ಹೋಲಿಸೋಕಾಯ್ತು. ಗ್ರೀನ್‌ಲಾ ಚಿತ್ರದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆ ಗೋಪುರ ಇದೆ. ಈಗಿಲ್ಲ. 2017ರಲ್ಲಿ ಬಂದ ಐವತ್ತರ ನೋಟಿನಲ್ಲೂ ಗೋಪುರ ಇಲ್ಲದ ರಥವೇ. ನೋಟು ನೋಡಿದವರಿಗೆ ಅಲ್ಲೊಂದು ಗೋಪುರ ಇತ್ತು ಅಂತ ಹೇಗೆ ಗೊತ್ತಾಗಬೇಕು?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎರಡು ಹೊಸ ಹಾರ್ಡ್ ಡಿಸ್ಕ್ ತಂದ. ಒಂದು ಕಂಪ್ಲಿಯಲ್ಲಿ, ಇನ್ನೊಂದು ಹೊಸಪೇಟೆಯ ನಮ್ಮ ಮನೆಯಲ್ಲಿ. ಈಗ ಅವನ ಪ್ರತಿ ಪುಟದ ಕೆಳಗೆ 'ಮೂಲ ಫೈಲ್' ಅಂತ ರಾ ನಂಬರ್ ಇರುತ್ತೆ.

ನಿಮಗೂ ಒಂದು ಮಾತು. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನ ತೆರವು ಮಾಡಿದ್ರಲ್ಲ, ಅದಕ್ಕೂ ಮುಂಚೆ ಅಲ್ಲಿ ಫೋಟೋ ಹೊಡೆದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಒಲೆ ಹೊಗೆ, ಒಣಗಲು ಹಾಕಿದ ಸೀರೆ, ಮೆಟ್ಟಿಲ ಮೇಲೆ ಕೂತ ಅಜ್ಜಿ... ಅವೆಲ್ಲ ಈಗ ನಿಮ್ಮ ಹಳೇ ಸೀಡಿಗಳಲ್ಲಿ ಮಾತ್ರ ಇರಬಹುದು. ಹುಡುಕಿ ತೆಗೀರಿ. ಮೂಲ ಮಾತ್ರ ಅಳಿಸಬ್ಯಾಡ್ರಿ!